ಸೂರ್ಯನ ಗಾಳಿ ನಿಲ್ಲುವ ಸೀಮೆ

ಯುಗಾದಿ ಅಮಾವಾಸ್ಯೆ, ಬೆಳಗಿನ ಜಾವ ಐದು ಗಂಟೆ. ನೀವು ಹೊಳಲಿನ ಹೊರಗೆ, ಶೇಂಗಾ ಹೊಲದ ಬದುವಿನ ಮೇಲೆ ನಿಂತಿದ್ದೀರಿ. ಚಂದ್ರನಿಲ್ಲ. ಊರ ಕಡೆ ನಾಲ್ಕೈದು ಬೀದಿದೀಪ, ಅದರ ನಡುವೆಲ್ಲೋ ಅನಂತಶಯನನ ಗುಡಿ, ಪಡುವಣಕ್ಕೆ ಕಣ್ಣಿಗೆ ಕಾಣದ ತುಂಗಭದ್ರೆ. ಮೋಟರ್ ಕೋಣೆಯ ಮುಂದೆ ವಯಸ್ಸಾದ ರೈತರೊಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದಾರೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮಡಿಗೆ ನೀರು ಬಿಡಬೇಕು. ಪಕ್ಕದಲ್ಲಿ ಪಿಯುಸಿ ಓದುವ ಮೊಮ್ಮಗಳು ಕತ್ತೆತ್ತಿ ನಿಂತಿದ್ದಾಳೆ.

"ಅಜ್ಜಾ, ನೆತ್ತಿ ಮ್ಯಾಲ ನೋಡು. ಆ ಚುಕ್ಕಿ ಐತಲ್ಲ, ಅದರ ಬಾಜೂಕ ಐತಿ ವೊಯೇಜರ್."

"ಎಲ್ಲೈತಿ ಯವ್ವಾ? ನನಗೇನೂ ಕಾಣವಲ್ದು."

"ಯಾರಿಗೂ ಕಾಣಂಗಿಲ್ಲ ಬಿಡು. ಸೂರ್ಯನ ಸೀಮಿ ದಾಟಿ ಹೋಗೈತಿ ಅದು."

"ಸೀಮಿ ದಾಟಿ ಹೋತಂದ್ರ ಆತಲ್ಲ. ನೋಡೂದೆಲ್ಲಾ ನೋಡಿ ಮುಗೀತು. ಇನ್ನೇನು ಕೆಲಸ ಅದಕ್ಕ?"

ಮೊಮ್ಮಗಳು ತಟ್ಟನೆ ಉತ್ತರ ಕೊಡುವುದಿಲ್ಲ. ನೀವೂ ಅವಳು ತೋರಿಸಿದ ಕಡೆ ನೋಡುತ್ತೀರಿ. ದಕ್ಷಿಣದಲ್ಲಿ ವೃಶ್ಚಿಕ ಬಾಗಿ ಮಲಗಿದೆ, ಅದರ ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ. ಅಲ್ಲಿಂದ ಕಣ್ಣನ್ನು ನೇರ ಮೇಲಕ್ಕೆ ಒಯ್ದರೆ ಉರಗಧರ, ಹಾವು ಹಿಡಿದವನ ಪುಂಜ. ಕೆಳಗೆ ಗುಡಿಯೊಳಗೆ ಹಾವಿನ ಮೇಲೆ ಒರಗಿದ ದೇವರಿದ್ದಾನೆ ಎಂಬುದು ಈ ಊರಿನವರಿಗೆ ತಾನಾಗಿ ನೆನಪಾಗುತ್ತದೆ. ಉರಗಧರನ ತಲೆಯ ಜಾಗದಲ್ಲಿ ರಾಸಲ್‌ಹೇಗ್ ಎಂಬ ನಕ್ಷತ್ರ ಇದೆ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಆ ನಕ್ಷತ್ರದಿಂದ ಅರ್ಧ ಮುಷ್ಟಿಯಷ್ಟು ಪಡುವಣಕ್ಕೆ ಸರಿಯಿರಿ. ಅಲ್ಲಿ ಏನೂ ಕಾಣದ ಕಪ್ಪು. ವೊಯೇಜರ್ 1 ಇರುವುದು ಆ ದಿಕ್ಕಿನಲ್ಲಿ.

ಹೊಳಲು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಕಾಶದಲ್ಲಿ ಆ ನೌಕೆ ಇರುವುದು ಸುಮಾರು 12 ಡಿಗ್ರಿ ಉತ್ತರಕ್ಕೆ. ಹಾಗಾಗಿ ದಿನಕ್ಕೊಮ್ಮೆ ಅದು ಹೆಚ್ಚೂಕಡಿಮೆ ಈ ಊರಿನ ನೆತ್ತಿಯ ಮೇಲೆಯೇ ಹಾದು ಹೋಗುತ್ತದೆ, ಹಗಲಾಗಲಿ ರಾತ್ರಿಯಾಗಲಿ. ಅದರ ಜೊತೆಯ ವೊಯೇಜರ್ 2 ದಕ್ಷಿಣದ ಮಯೂರ ಪುಂಜದ ಕಡೆ ಇದೆ. ಈ ಹೊತ್ತಿಗೆ ಅದು ದಕ್ಷಿಣ ಮತ್ತು ಆಗ್ನೇಯದ ನಡುವೆ, ಹೊಲಗಳ ಅಂಚಿಗೆ ತಾಗಿದಂತೆ ಆಗಷ್ಟೇ ಮೇಲೇರಿರುತ್ತದೆ. ಒಂದೇ ಬದುವಿನ ಮೇಲೆ ನಿಂತು ಎರಡೂ ನೌಕೆಗಳ ದಿಕ್ಕಿಗೆ ಕೈ ತೋರಿಸಬಹುದು. ಉತ್ತರದ ತೀರ ಎತ್ತರದ ಅಕ್ಷಾಂಶದವರಿಗೆ ಈ ಭಾಗ್ಯವಿಲ್ಲ.

ಅಜ್ಜನ ಪ್ರಶ್ನೆಗೆ ಉತ್ತರ ಬೇಕಾದರೆ ಅಲ್ಲಿಗೇ ಹೋಗಬೇಕು. ಬೆಳಕಿನ ವೇಗದಲ್ಲಿ ಹೊರಡೋಣ.

ಒಂದೂವರೆ ಸೆಕೆಂಡು ಮುಗಿಯುವಷ್ಟರಲ್ಲಿ ಚಂದ್ರನ ದೂರ ದಾಟಿ ಹಾಯುತ್ತೀರಿ. ಗುರುವಿನಷ್ಟು ದೂರ ಹೋಗಲು ಮುಕ್ಕಾಲು ಗಂಟೆಯ ಆಸುಪಾಸು. ನಾಲ್ಕು ಗಂಟೆಗೆ ನೆಪ್ಚೂನಿನಷ್ಟು ದೂರ. ಆದರೆ ಇತ್ತ ಯಾವ ಗ್ರಹವೂ ಎದುರಾಗುವುದಿಲ್ಲ. 1977ರ ಸೆಪ್ಟೆಂಬರ್ 5ರಂದು ಹೊರಟ ಈ ನೌಕೆ 1980ರ ನವೆಂಬರಿನಲ್ಲಿ ಶನಿಯ ಟೈಟನ್ ಉಪಗ್ರಹವನ್ನು ಹತ್ತಿರದಿಂದ ನೋಡಲು ಹೋಗಿ, ಶನಿಯ ಸೆಳೆತಕ್ಕೆ ದಾರಿ ಬಾಗಿ, ಗ್ರಹಗಳೆಲ್ಲ ಸುತ್ತುವ ಸಮತಲವನ್ನು ಬಿಟ್ಟು ಮೇಲಕ್ಕೆದ್ದಿತು. ಗ್ರಹಗಳನ್ನು ನೋಡುವ ಅದರ ಕೆಲಸ ಅಲ್ಲಿಗೇ ಮುಗಿಯಿತು. ಅಜ್ಜ ಅಂದದ್ದು ಅಷ್ಟರಮಟ್ಟಿಗೆ ಸರಿ.

ಆದರೆ ನಿಮ್ಮ ಸುತ್ತ ಒಂದು ಗಾಳಿ ಬೀಸುತ್ತಿದೆ. ಕಿವಿಗೆ ಕೇಳದ, ಮೈಗೆ ತಾಗದ ಗಾಳಿ: ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಎಲ್ಲ ದಿಕ್ಕಿಗೂ ಚಿಮ್ಮುವ ಪ್ರೋಟಾನು, ಎಲೆಕ್ಟ್ರಾನುಗಳ ಸೌರಮಾರುತ. ಆಗೊಮ್ಮೆ ಈಗೊಮ್ಮೆ ಬೀಸುತ್ತದೆಯೋ, ಸದಾ ಬೀಸುತ್ತದೆಯೋ ಎಂಬುದೇ 1960ರ ಸುಮಾರಿಗೆ ವಾದದ ವಿಷಯವಾಗಿತ್ತು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ನೌಕೆ ಆ ಗಾಳಿಯನ್ನು ಬಿಡುವಿಲ್ಲದೆ ಅಳೆಯಿತು. ಅಳತೆಯ ಉಪಕರಣ ಮಾರ್ಸಿಯಾ ನ್ಯೂಗೆಬಾವರ್ ಮತ್ತು ಕಾನ್‌ವೇ ಸ್ನೈಡರ್ ಅವರದು. ಅವರ ಜೊತೆ ಕೂತು ಆ ಅಂಕಿಗಳನ್ನು ಭೂಮಿಯ ಕಾಂತಕ್ಷೇತ್ರದ ಏರಿಳಿತದೊಂದಿಗೆ, ವಿಶ್ವಕಿರಣಗಳ ಏರಿಳಿತದೊಂದಿಗೆ ಹೊಂದಿಸಿ ನೋಡಿದವರು ಉಡುಪಿ ಬಳಿಯ ಅದಮಾರಿನಿಂದ ಹೋಗಿದ್ದ ಯು.ಆರ್. ರಾವ್. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿ ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಮೂವರ ಲೇಖನ 1963ರಲ್ಲಿ ಪ್ರಕಟವಾಯಿತು. ಸೂರ್ಯನ ಗಾಳಿ ನಿಲ್ಲದೆ ಬೀಸುತ್ತದೆ, ಅದರ ವೇಗ ಏರಿದಾಗ ಭೂಮಿಯ ಕಾಂತಕ್ಷೇತ್ರ ಕಲಕುತ್ತದೆ ಎಂಬುದು ಗಟ್ಟಿಯಾಯಿತು. ಆರ್ಯಭಟ ಉಪಗ್ರಹದ ರಾವ್ ಎಲ್ಲರಿಗೂ ಗೊತ್ತು. ಪಯನೀರ್ 6ರಿಂದ 9ರವರೆಗಿನ ನೌಕೆಗಳಲ್ಲಿ ವಿಶ್ವಕಿರಣ ಪ್ರಯೋಗಗಳನ್ನು ನಡೆಸಿದ ಈ ರಾವ್ ಅವರನ್ನು ನಮ್ಮ ಶಾಲೆಗಳಲ್ಲಿ ಇನ್ನಷ್ಟು ಹೇಳಬೇಕು.

ನಿಲ್ಲದೆ ಬೀಸುವ ಗಾಳಿಯೇನೋ ಸರಿ. ಹಾಗಾದರೆ ಅದು ಎಲ್ಲಿ ನಿಲ್ಲುತ್ತದೆ? ವೊಯೇಜರ್‌ಗೆ ಗ್ರಹಗಳ ಆಚೆ ಇದ್ದ ಕೆಲಸ ಇದು.

ಹದಿಮೂರನೆಯ ಗಂಟೆ. ನೀವೀಗ ಸೂರ್ಯನಿಂದ 94 ಖಗೋಳಮಾನ ದೂರದಲ್ಲಿದ್ದೀರಿ; ಸೂರ್ಯನಿಂದ ಭೂಮಿಗಿರುವ ದೂರದ 94 ಪಟ್ಟು. ಇಷ್ಟು ಹೊತ್ತು ಒಂದೇ ಸಮನೆ ನುಗ್ಗುತ್ತಿದ್ದ ಗಾಳಿ ಇಲ್ಲಿ ಥಟ್ಟನೆ ವೇಗ ಕಳೆದುಕೊಂಡು, ಕಾದು, ಕಲಕಿ, ತಿರುಗಾಡತೊಡಗುತ್ತದೆ. ಎದುರಿನಿಂದ ಏನೋ ಒತ್ತುತ್ತಿದೆ. ವೊಯೇಜರ್ 1 ಈ ಜಾಗ ದಾಟಿದ್ದು 2004ರ ಡಿಸೆಂಬರಿನಲ್ಲಿ. ಇಲ್ಲಿಂದ ಮುಂದೆ ಆ ಕದಡಿದ ವಲಯವನ್ನು ಹಾಯಲು ಅದಕ್ಕೆ ಏಳೂವರೆ ವರ್ಷಕ್ಕೂ ಹೆಚ್ಚು ಬೇಕಾಯಿತು, ಸೆಕೆಂಡಿಗೆ 17 ಕಿ.ಮೀ. ಓಡುತ್ತಿದ್ದರೂ. ಬೆಳಕಿನ ಜೊತೆ ಬಂದ ನಿಮಗೆ ನಾಲ್ಕು ಗಂಟೆ ಸಾಕು.

ಹದಿನೇಳನೆಯ ಗಂಟೆಗೆ ಸೀಮೆ. ಬೇಲಿಯಿಲ್ಲ, ಗುರುತಿನ ಕಲ್ಲಿಲ್ಲ. ಸೂರ್ಯ ಹಿಂದೆ ಒಂದು ಪ್ರಖರ ನಕ್ಷತ್ರವಾಗಿ ಉಳಿದಿದ್ದಾನೆ. ನಕ್ಷತ್ರಗಳು ಅಲುಗಿಲ್ಲ, ಕತ್ತಲೆ ಹೆಚ್ಚಿಲ್ಲ. ಕಣ್ಣು ಇಲ್ಲಿ ಯಾವ ಕೆಲಸಕ್ಕೂ ಬಾರದು; ವೊಯೇಜರ್‌ನ ಕ್ಯಾಮೆರಾಗಳನ್ನು 1990ರಲ್ಲೇ ಮುಚ್ಚಿದ್ದಾರೆ. ಆದರೆ ಅದರ ಕಣಗಳನ್ನು ಎಣಿಸುವ ಉಪಕರಣಗಳು 2012ರ ಆಗಸ್ಟ್ 25ರಂದು ಬೇರೆಯದೇ ಕಥೆ ಹೇಳಿದವು. ಸೂರ್ಯನ ಕಡೆಯಿಂದ ಬರುತ್ತಿದ್ದ ಕಣಗಳು ಹೆಚ್ಚೂಕಡಿಮೆ ಇಲ್ಲವಾದವು. ಹೊರಗಿನಿಂದ, ಎಂದೋ ಸಿಡಿದ ನಕ್ಷತ್ರಗಳಿಂದ ಬರುವ ವಿಶ್ವಕಿರಣಗಳು ಏರಿದವು.

ಸೀಮೆ ದಾಟಿತೆಂದು ಕೂಡಲೇ ಒಪ್ಪಲು ವಿಜ್ಞಾನಿಗಳು ಸಿದ್ಧರಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಹೊರಗೆ ಬಂದರೆ ಕಾಂತಕ್ಷೇತ್ರದ ದಿಕ್ಕು ತಿರುಗಬೇಕು ಎಂದು ಲೆಕ್ಕ ಹಾಕಿದ್ದರು. ತಿರುಗಲಿಲ್ಲ. ಸುತ್ತಲಿನ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಅನಿಲ) ಎಷ್ಟು ದಟ್ಟವಾಗಿದೆ ಎಂದು ನೇರ ಅಳೆಯುವ ಉಪಕರಣ ವೊಯೇಜರ್ 1ರಲ್ಲಿ 1980ರಲ್ಲೇ ಕೆಟ್ಟಿತ್ತು. ಆಗ ಕೈ ಹಿಡಿದದ್ದು ಸೂರ್ಯನೇ. 2012ರ ಮಾರ್ಚಿನಲ್ಲಿ ಸೂರ್ಯನಲ್ಲಿ ಆದ ಸ್ಫೋಟಗಳ ಅಲೆ ಹದಿಮೂರು ತಿಂಗಳು ಓಡಿ, 2013ರ ಏಪ್ರಿಲಿನಲ್ಲಿ ನೌಕೆಯನ್ನು ಮುಟ್ಟಿ, ಸುತ್ತಲ ಪ್ಲಾಸ್ಮಾವನ್ನು ನಡುಗಿಸಿತು. ಆ ನಡುಕದ ಆವರ್ತನವನ್ನು ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ಅವರ ತಂಡದ ಪ್ಲಾಸ್ಮಾ ಅಲೆಗಳ ಉಪಕರಣ ಹಿಡಿಯಿತು. ಅದನ್ನು ಸ್ಪೀಕರಿಗೆ ಹಾಕಿದರೆ ಮನುಷ್ಯರ ಕಿವಿಗೇ ಕೇಳುತ್ತದೆ: ಏರುತ್ತ ಹೋಗುವ ಒಂದು ಸಿಳ್ಳು. ಪ್ಲಾಸ್ಮಾ ದಟ್ಟವಾದಷ್ಟೂ ಸಿಳ್ಳಿನ ಶ್ರುತಿ ಮೇಲು. ಲೆಕ್ಕ ಹಾಕಿದಾಗ ಒಳಗಿನದಕ್ಕಿಂತ ಸುಮಾರು ನಲವತ್ತು ಪಟ್ಟು ದಟ್ಟ ಎಂದು ತಿಳಿಯಿತು. ಸೀಮೆ ದಾಟಿತ್ತು. ಅದನ್ನು ಲೋಕಕ್ಕೆ ಹೇಳಿದ್ದು 2013ರ ಸೆಪ್ಟೆಂಬರಿನಲ್ಲಿ, ದಾಟಿ ಒಂದು ವರ್ಷವಾದ ಮೇಲೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಪತ್ರಿಕೆಗಳು ಇದನ್ನು ಸೌರವ್ಯೂಹದಿಂದ ಹೊರಗೆ ಎಂದು ಬರೆದವು. ದಾಟಿದ್ದು ಸೂರ್ಯನ ಗಾಳಿಯ ಸೀಮೆಯನ್ನು. ಸೂರ್ಯನ ಸೆಳೆತದ ಸೀಮೆಯನ್ನಲ್ಲ. ಧೂಮಕೇತುಗಳ ತವರಾದ ಊರ್ಟ್ ಮೋಡದ ಒಳ ಅಂಚು ತಲುಪಲು ಇನ್ನೂ ಮುನ್ನೂರು ವರ್ಷ, ಅದನ್ನು ಹಾದು ಹೊರಬೀಳಲು ಮೂವತ್ತು ಸಾವಿರ ವರ್ಷ ಬೇಕಾಗಬಹುದು.

ಈ ಸೀಮೆಯ ಆಚೆ ನಿಂತು ಹಿಂದೆ ನೋಡಿ. ಸೂರ್ಯನ ಗಾಳಿ ಊದಿ ಕಟ್ಟಿದ ಆ ದೊಡ್ಡ ಪೊಳ್ಳಿನೊಳಗೆ ಎಲ್ಲ ಗ್ರಹಗಳೂ ಇವೆ, ಹೊಳಲೂ ಇದೆ. ಹೊರಗಿನಿಂದ ನುಗ್ಗುವ ವಿಶ್ವಕಿರಣಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಈ ಪೊಳ್ಳೇ ತಡೆಯುತ್ತದೆ. ಉಳಿದದ್ದನ್ನು ಭೂಮಿಯ ಕಾಂತಕ್ಷೇತ್ರ, ವಾತಾವರಣಗಳು ನೋಡಿಕೊಳ್ಳುತ್ತವೆ. ತಡೆಯುವ ಮೊದಲು ಆ ಕಿರಣಗಳು ಎಷ್ಟಿರುತ್ತವೆ ಎಂದು ಒಳಗೆ ಕೂತು ಊಹಿಸಬಹುದಿತ್ತು, ಎಣಿಸಲು ಆಗುತ್ತಿರಲಿಲ್ಲ. ಮನೆಯ ಹೊರಗೆ ಹೋಗಿ ಮನೆಯನ್ನು ಕಂಡವು ಈ ಎರಡು ನೌಕೆಗಳು ಮಾತ್ರ. ವೊಯೇಜರ್ 2 ಮತ್ತೊಂದು ದಿಕ್ಕಿನಿಂದ 2018ರ ನವೆಂಬರ್ 5ರಂದು ದಾಟಿತು, 119 ಖಗೋಳಮಾನ ದೂರದಲ್ಲಿ. ಅದರಲ್ಲಿ ಪ್ಲಾಸ್ಮಾ ಉಪಕರಣ ಇನ್ನೂ ಕೆಲಸ ಮಾಡುತ್ತಿತ್ತು. ಹೊರಗಿನ ಪ್ಲಾಸ್ಮಾ ಒಳಗಿನದಕ್ಕಿಂತ ದಟ್ಟವಾದರೂ ವಿರಳವೇ, ಆದರೆ ಅಂಚಿನ ಬಳಿ 30ರಿಂದ 50 ಸಾವಿರ ಡಿಗ್ರಿಯಷ್ಟು ಬಿಸಿ. ಕಾಂತಕ್ಷೇತ್ರ ಇಲ್ಲಿಯೂ ನಿರೀಕ್ಷಿಸಿದಂತೆ ತಿರುಗಲಿಲ್ಲ. ಒಂದು ಕಡೆ ಹೀಗಾದರೆ ಆಕಸ್ಮಿಕ ಅನ್ನಬಹುದಿತ್ತು. ಎರಡು ಕಡೆ ಆದದ್ದರಿಂದ ನಮ್ಮ ತಿಳಿವಳಿಕೆಯಲ್ಲೇ ಏನೋ ಕೊರೆಯಿದೆ ಎಂದಾಯಿತು. ಅದಿನ್ನೂ ಪೂರ್ತಿ ಬಗೆಹರಿದಿಲ್ಲ.

ಇನ್ನೂ ಮುಂದೆ ಹೋಗಿ. ಇಪ್ಪತ್ತಮೂರು ಗಂಟೆ ಕಳೆದ ಮೇಲೆ, ಸುಮಾರು 2,500 ಕೋಟಿ ಕಿ.ಮೀ. ದೂರದಲ್ಲಿ, ಕೊನೆಗೂ ಅದು ಎದುರಾಗುತ್ತದೆ. 3.7 ಮೀಟರ್ ಅಗಲದ ಬಿಳಿ ಡಿಶ್, ಭೂಮಿಯ ಕಡೆ ಮುಖ. ಪಕ್ಕಕ್ಕೆ ಚಾಚಿದ ಕಾಂತಮಾಪಕದ ಉದ್ದ ಕಂಬ. ಇನ್ನೊಂದು ಬದಿಗೆ ಪ್ಲುಟೋನಿಯಂ ಕಾವಿನಿಂದ ವಿದ್ಯುತ್ ಹುಟ್ಟಿಸುವ ಮೂರು ಸಿಲಿಂಡರುಗಳು. ಹೊರಟಾಗ 470 ವ್ಯಾಟ್ ಇತ್ತು. ವರ್ಷಕ್ಕೆ ಸುಮಾರು 4 ವ್ಯಾಟ್ ಕುಗ್ಗುತ್ತದೆ. ಒಂದೊಂದೇ ಹೀಟರು, ಒಂದೊಂದೇ ಉಪಕರಣ ಮುಚ್ಚುತ್ತ ಬಂದಿದ್ದಾರೆ. ವೊಯೇಜರ್ 2ರ ಪ್ಲಾಸ್ಮಾ ಉಪಕರಣ 2024ರ ಸೆಪ್ಟೆಂಬರಿನಲ್ಲಿ ಹೋಯಿತು. 2012ರಲ್ಲಿ ಸೀಮೆ ದಾಟಿದ್ದನ್ನು ಮೊದಲು ಸೂಚಿಸಿದ ಉಪಕರಣಗಳಲ್ಲೊಂದಾದ ವೊಯೇಜರ್ 1ರ ವಿಶ್ವಕಿರಣ ಮಾಪಕವನ್ನು 2025ರ ಫೆಬ್ರುವರಿ 25ರಂದು ಆರಿಸಿದರು. ಹೀಗೆ ಆರಿಸುವುದು ಸೋತು ಕೈಬಿಡುವುದಲ್ಲ. ಉಳಿದದ್ದು ಇನ್ನೂ ಕೆಲವು ವರ್ಷ ಬದುಕಲಿ ಎಂದು ಮಾಡುವ ಕೆಲಸ.

ಡಿಶ್‌ನಿಂದ ಹೊರಡುವ ರೇಡಿಯೋ ಸಂಕೇತದ ಶಕ್ತಿ 23 ವ್ಯಾಟಿನ ಆಸುಪಾಸು. ಭೂಮಿ ಮುಟ್ಟುವ ಹೊತ್ತಿಗೆ ಒಂದು ಆಂಟೆನಾಗೆ ಸಿಗುವುದು ಒಂದು ವ್ಯಾಟಿನ ಕೋಟಿಯಲ್ಲೊಂದು ಪಾಲಿನ, ಮತ್ತೆ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣ ದನಿಯನ್ನು ಕೇಳಿಸಿಕೊಳ್ಳುವುದು ಹೇಗೆಂದು ಹೊಳಲಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತಿರದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದೊಡನೆ ಅಷ್ಟೂ ಜನ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಬರುವುದು ಒಂದೇ ಸಾಲಿನ ಕಾರ್ಣಿಕ. ಅದನ್ನು ಹಿಡಿದು ವರ್ಷವಿಡೀ ಮಳೆ, ಬೆಳೆ, ರಾಜ್ಯದ ಅರ್ಥ ಬಿಡಿಸುತ್ತಾರೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಸ್ಪೇನಿನ ಮ್ಯಾಡ್ರಿಡ್ ಬಳಿ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಮರುಭೂಮಿಯಲ್ಲಿ 70 ಮೀಟರ್ ಅಗಲದ ಡಿಶ್‌ಗಳು, ತಮ್ಮದೇ ಸದ್ದು ಅಡಗಲೆಂದು ರಿಸೀವರುಗಳನ್ನು ಕೊರೆಯುವ ಚಳಿಯಲ್ಲಿಟ್ಟುಕೊಂಡು, ಹಾಗೆಯೇ ಕಿವಿಗೊಟ್ಟು ನಿಂತಿವೆ. ಬರುವುದು ಸೆಕೆಂಡಿಗೆ 160 ಬಿಟ್.

2023ರ ನವೆಂಬರಿನಲ್ಲಿ ವೊಯೇಜರ್ 1ರಿಂದ ಬರುವ ಆ ಸಾಲು ಅರ್ಥವಿಲ್ಲದ ಬಡಬಡಿಕೆಯಾಯಿತು. ನೌಕೆಯ ಒಂದು ಕಂಪ್ಯೂಟರಿನಲ್ಲಿ ಒಂದೇ ಒಂದು ಚಿಪ್ ಕೆಟ್ಟು, ಅದರಲ್ಲಿದ್ದ ಪ್ರೋಗ್ರಾಮಿನ ಭಾಗ ಹಾಳಾಗಿತ್ತು. ಚಿಪ್ ಬದಲಿಸಲು ಯಾರೂ ಹೋಗಲಾರರು. ಆ ಭಾಗವನ್ನು ಇಡಿಯಾಗಿ ಇಡುವಷ್ಟು ಖಾಲಿ ಜಾಗವೂ ಬೇರೆಲ್ಲೂ ಇರಲಿಲ್ಲ. ಎಂಜಿನಿಯರುಗಳು ಹಳೆಯ ಕಾಗದಪತ್ರ ಕೆದಕಿ, ಪ್ರೋಗ್ರಾಮನ್ನು ತುಂಡು ಮಾಡಿ, ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಜೋಡಿಸಿದರು. ಆಜ್ಞೆ ಹೋದದ್ದು 2024ರ ಏಪ್ರಿಲ್ 18ರಂದು. ಅದು ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 20ರಂದು ಅರ್ಥವಾಗುವ ಸಾಲು ಬಂತು. ಅಂದಿನ ಫೋಟೋದಲ್ಲಿ, ನೌಕೆಯನ್ನು ನಡೆಸುವ ಜೆಪಿಎಲ್‌ನ ಕೋಣೆಯಲ್ಲಿ ಮೇಜಿನ ಸುತ್ತ ಕೂತವರ ಸಂತೋಷ ನೋಡಿದರೆ, ಮುಗಿದ ಕೆಲಸವೊಂದರ ಪಳೆಯುಳಿಕೆಯನ್ನು ಅವರು ಕಾಯುತ್ತಿಲ್ಲ ಎಂಬುದು ತಿಳಿಯುತ್ತದೆ.

ನೌಕೆಯ ಬದಿಗೆ ಸುತ್ತಿ ಬನ್ನಿ. ಚಿನ್ನದ ಲೇಪದ ಮುಚ್ಚಳ ಇದೆ. ಅದರಡಿ ತಾಮ್ರದ ತಟ್ಟೆ, ಅದರಲ್ಲಿ 55 ಭಾಷೆಗಳ ವಂದನೆ, ಅವುಗಳ ನಡುವೆ ಕನ್ನಡ. 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ತಟ್ಟೆಯನ್ನು ರೂಪಿಸಿದ ಕಾರ್ಲ್ ಸೇಗನ್ ತಂಡಕ್ಕಾಗಿ ಧ್ವನಿಮುದ್ರಣ ನಡೆಯಿತು. ಏನು ಹೇಳಬೇಕೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಚಿಕ್ಕದಾಗಿರಬೇಕು, ಅನ್ಯಲೋಕದವರಿಗೆ ವಂದನೆಯಾಗಿರಬೇಕು ಎಂದಷ್ಟೇ ಸೂಚನೆ. ಶ್ರೀನಿವಾಸ ಕೆ. ಉಪಾಧ್ಯಾಯ ಅವರು ಮೈಕಿನ ಮುಂದೆ ನಮಸ್ತೆ ಹೇಳಿ ಕನ್ನಡಿಗರ ಪರವಾಗಿ ಶುಭಾಶಯ ಕೋರಿದರು. ಕೆಲವೇ ಸೆಕೆಂಡು. ನಾಡಿಗೆ ಕರ್ನಾಟಕ ಎಂಬ ಹೆಸರು ಬಂದು ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಆ ದನಿ ಅಲ್ಲಿದೆ ಎಂದು ಹೆಮ್ಮೆಪಡುವುದು ಸಹಜ, ನಾನೂ ಪಡುತ್ತೇನೆ. ಆದರೆ ವೊಯೇಜರ್ ಎಂದರೆ ಆ ತಟ್ಟೆ ಮಾತ್ರ ಎನ್ನುವಂತೆ ನಾವು ಬರೆಯುತ್ತ ಬಂದದ್ದು ನನಗೆ ಒಪ್ಪಿಗೆಯಿಲ್ಲ. ತಟ್ಟೆಗೆ ವಿದ್ಯುತ್ ಬೇಡ, ಯಾರೂ ಕಿವಿಗೊಡಬೇಕಿಲ್ಲ. ಸುಮಾರು 40 ಸಾವಿರ ವರ್ಷಗಳ ಮೇಲೆ ಗ್ಲೀಸ 445 ಎಂಬ ನಕ್ಷತ್ರದ ಒಂದೂವರೆ ಜ್ಯೋತಿರ್ವರ್ಷದಾಚೆ ಹಾಯುವಾಗಲೂ ಅದು ಹಾಗೇ ಇರುತ್ತದೆ. ಅವಸರ ಇರುವುದು ಅಳತೆಗೆ. ಕನ್ನಡ ದಾಖಲಾದ ಅದೇ ಕಾರ್ನೆಲ್‌ನಿಂದ 2021ರಲ್ಲಿ ಒಂದು ಸುದ್ದಿ ಬಂತು: ಸ್ಟೆಲ್ಲಾ ಓಕರ್ ಮತ್ತು ಸಂಗಡಿಗರು ವೊಯೇಜರ್ 1ರ ಅಂಕಿಗಳಲ್ಲಿ ತೀರ ಕ್ಷೀಣವಾದ, ಆದರೆ ಎಡೆಬಿಡದ ಒಂದು ಗುಂಯ್‌ಗುಡುವಿಕೆಯನ್ನು ಕಂಡುಹಿಡಿದರು. ಅಂತರತಾರಾ ಪ್ಲಾಸ್ಮಾದ ಸ್ವಂತ ದನಿ ಅದು. ಸೂರ್ಯ ಸ್ಫೋಟಿಸಿ ಸಿಳ್ಳು ಹೊಡೆಸಲಿ ಎಂದು ಕಾಯುವುದು ಬೇಕಿಲ್ಲ. ನೌಕೆ ಹೋದ ದಾರಿಯುದ್ದಕ್ಕೂ ಸಾಂದ್ರತೆ ಎಷ್ಟೆಂದು ಅದರಿಂದಲೇ ಗೊತ್ತಾಗುತ್ತದೆ. ಈ ಕೆಲಸವನ್ನು ವೊಯೇಜರ್‌ಗಳ ಹೊರತು ಬೇರೆ ಯಾವುದೂ ಮಾಡಲಾರದು. ರೋಹಿಣಿ ನಕ್ಷತ್ರದ ದಿಕ್ಕಿಗೆ ಹೋಗುತ್ತಿರುವ ಪಯನೀರ್ 10ರ ದನಿ 2003ರ ಜನವರಿಯಲ್ಲೇ ನಿಂತಿತು. 2015ರಲ್ಲಿ ಪ್ಲೂಟೋ ನೋಡಿದ ನ್ಯೂ ಹೊರೈಜನ್ಸ್ ಇನ್ನೂ ಗಾಳಿಯ ಸೀಮೆಯ ಒಳಗಿದೆ, ಬಹಳ ಹಿಂದೆ.

ಗಾಳಿಯ ಈಚೆ ತುದಿಗೆ, ಸೂರ್ಯನ ಕಡೆಗೆ ಈಗ ನಮ್ಮ ದೇಶವೂ ಕಾವಲಿಗಿದೆ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತ 2024ರ ಜನವರಿ 6ರಿಂದ ಆದಿತ್ಯ-ಎಲ್1 ಸುತ್ತುತ್ತಿದೆ. ಸೌರಮಾರುತದ ಕಣಗಳನ್ನು ಎಣಿಸುವ ಅದರ ಆಸ್ಪೆಕ್ಸ್ ಉಪಕರಣ ಕಟ್ಟಿದ್ದು ರಾವ್ ಅವರು ಓದಿದ ಅದೇ ಅಹಮದಾಬಾದಿನ ಭೌತ ಸಂಶೋಧನಾಲಯ. ಅದರ ದನಿ ಕೇಳಲು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಡಿಶ್ ಇದೆ. 2008ರ ಚಂದ್ರಯಾನಕ್ಕೆಂದು ನಿಲ್ಲಿಸಿದ್ದು. 2024ರ ಮೇ ತಿಂಗಳಲ್ಲಿ ಎರಡು ದಶಕಗಳಲ್ಲೇ ದೊಡ್ಡ ಸೌರ ಬಿರುಗಾಳಿ ಭೂಮಿಗೆ ಬಡಿದಾಗ, ಎಲ್1ರಲ್ಲಿ ಅದರ ವೇಗ ಏರಿದ್ದನ್ನು ಆದಿತ್ಯ ದಾಖಲಿಸಿತು. ಅಂಥ ಗಾಳಿ ಭೂಮಿಯನ್ನು ದಾಟಿ, ಒಂದು ವರ್ಷಕ್ಕೂ ಮಿಕ್ಕಿ ಓಡಿ ಸೀಮೆಗೆ ಹಾಯುತ್ತದೆ. ಆಚೆ ಬದಿಯಲ್ಲಿ ಅದರ ಅಲೆ ಬಹಳ ನಿಧಾನ. ಇನ್ನೂ ದೂರ ಸರಿದಿರುವ ವೊಯೇಜರನ್ನು ಮುಟ್ಟಲು ಮತ್ತೂ ವರ್ಷಗಳು ಬೇಕು.

ಹೊರಟ ತುದಿಯ ಲೆಕ್ಕ ನಮ್ಮ ಕೈಯಲ್ಲಿದೆ. ಅಜ್ಜ ಕೇಳಿದ ಕೆಲಸ ಉಳಿದಿರುವುದು ಮುಟ್ಟುವ ತುದಿಯಲ್ಲಿ. ಅಂಥ ಅಲೆ ಬಂದು ತಾಗುವ ದಿನ ವೊಯೇಜರ್‌ನ ಕಾಂತಮಾಪಕಕ್ಕೂ ಪ್ಲಾಸ್ಮಾ ಅಲೆಗಳ ಉಪಕರಣಕ್ಕೂ ಸಾಕಾಗುವಷ್ಟು ವ್ಯಾಟ್ ಉಳಿದಿರಬೇಕು, ಆ ಮೂರು ಕಡೆಯ ಡಿಶ್‌ಗಳಲ್ಲಿ ಒಂದಾದರೂ ಆ ಹೊತ್ತಿನಲ್ಲಿ ಆ ಕಡೆಗೇ ತಿರುಗಿರಬೇಕು.